ನುಣುಪೆಂಬ ಪ್ರಾಕ್ಕಲ್ಪನೆ: ಭಾಷಾವಿಜ್ಞಾನದಲ್ಲಿ ಸಾಮಾನ್ಯೀಕೃತ ಸಂಕಲನ ಮಾದರಿಗಳ ಬಳಕೆಯ ವಿಮರ್ಶೆ

ಸಾರಾಂಶ

ಕಾಲದೊಡನೆ ಅಥವಾ ಪ್ರದೇಶದೊಡನೆ ಬದಲಾಗುವ ಭಾಷಾ ದತ್ತಾಂಶದ ವಿಶ್ಲೇಷಣೆಗೆ ಸಾಮಾನ್ಯೀಕೃತ ಸಂಕಲನ ಮಾದರಿಗಳು (ಗ್ಯಾಮ್) ಈಗ ವ್ಯಾಪಕವಾಗಿ ಬಳಕೆಯಾಗುತ್ತಿವೆ. ವಕ್ರರೇಖೆ ಎಷ್ಟು ನುಣುಪಾಗಿರಬೇಕು ಎಂಬುದನ್ನು ಈ ಮಾದರಿಗಳು ದತ್ತಾಂಶದಿಂದಲೇ ಕಲಿಯುತ್ತವೆ. ಆದರೆ ಯಾವ ಅಕ್ಷದ ಮೇಲೆ ನುಣುಪು, ಯಾವ ಗಡಿಯವರೆಗೆ, ಯಾವ ಆಕೃತಿಯತ್ತ ಎಂಬುದನ್ನು ಸಂಶೋಧಕರೇ ನಿರ್ಧರಿಸಬೇಕು. ಈ ಮೂರೂ ಭಾಷಾವೈಜ್ಞಾನಿಕ ಪ್ರಾಕ್ಕಲ್ಪನೆಗಳು. ಬಳಕೆಯಲ್ಲಿ ಅವು ತಾಂತ್ರಿಕ ಆಯ್ಕೆಗಳಂತೆ ಮರೆಗೆ ಸರಿಯುತ್ತಿವೆ ಎಂಬುದು ಪ್ರಸ್ತುತ ಲೇಖನದ ವಾದ. ಸ್ವರಗಳ ಸಾಪೇಕ್ಷ ಕಾಲ, ಫಾರ್ಮೆಂಟ್ ಅಳತೆಯ ಸ್ವಸಹಸಂಬಂಧ, ಉಪಭಾಷಾ ನಕ್ಷೆ ಮತ್ತು ವ್ಯತ್ಯಾಸದ ಆರಂಭಬಿಂದು ಎಂಬ ನಾಲ್ಕು ಸಂದರ್ಭಗಳಲ್ಲಿ ಈ ವಾದವನ್ನು ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಸಾಮಾನ್ಯೀಕೃತ ಸಂಕಲನ ಮಾದರಿ, ಸ್ಪ್ಲೈನ್, ನುಣುಪಿನ ದಂಡ, ಸಾಪೇಕ್ಷ ಕಾಲ, ಮೂರ್ಧನ್ಯತೆ, ಉಪಭಾಷಾ ಭೂಗೋಳ

1. ಪೀಠಿಕೆ

ಸ್ವರವೊಂದರ ನಡುಬಿಂದುವಿನಲ್ಲಿ ಅಳೆದ ಎರಡು ಮೂರು ಫಾರ್ಮೆಂಟ್ ಮೌಲ್ಯಗಳು ಆ ಸ್ವರವನ್ನು ಪ್ರತಿನಿಧಿಸುತ್ತವೆ ಎಂಬ ರೂಢಿ ಧ್ವನಿವಿಜ್ಞಾನದಲ್ಲಿ ಬಹುಕಾಲ ನಡೆಯಿತು. ಸ್ವರವೆಂಬುದು ಉಚ್ಚಾರಣಾಂಗಗಳ ಚಲನೆ, ನಿಶ್ಚಲವಾದ ಬಿಂದುವಲ್ಲ ಎಂಬ ತಿಳಿವಳಿಕೆ ಹಳೆಯದೇ. ಆದರೆ ಆ ಚಲನೆಯನ್ನು ಇಡಿಯಾಗಿ ಹಿಡಿದು, ಮಾತುಗಾರರ ನಡುವಣ ವ್ಯತ್ಯಾಸಕ್ಕೂ ಪದಗಳ ನಡುವಣ ವ್ಯತ್ಯಾಸಕ್ಕೂ ಸ್ಥಾನ ಕೊಟ್ಟು ಪರೀಕ್ಷಿಸುವ ಸಾಧನ ಸುಲಭವಾಗಿ ಕೈಗೆಟುಕುತ್ತಿರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಸಾಮಾನ್ಯೀಕೃತ ಸಂಕಲನ ಮಾದರಿ. ಟ್ರೆವರ್ ಹೇಸ್ಟಿ ಮತ್ತು ರಾಬರ್ಟ್ ಟಿಬ್ಶಿರಾನಿ 1986ರ ಲೇಖನದಲ್ಲಿಯೂ 1990ರ ಗ್ರಂಥದಲ್ಲಿಯೂ ರೂಪಿಸಿದ ಈ ಚೌಕಟ್ಟನ್ನು ಸೈಮನ್ ವುಡ್ ಅವರ ಎಂಜಿಸಿವಿ ತಂತ್ರಾಂಶ ಆರ್ ಬಳಸುವ ಎಲ್ಲರಿಗೂ ಒದಗಿಸಿತು.

ಭಾಷಾವಿಜ್ಞಾನದಲ್ಲಿ ಈ ಮಾದರಿಗೆ ನೆಲೆ ಕೊಟ್ಟ ಬರವಣಿಗೆಗಳನ್ನು ಇಲ್ಲಿ ಹೆಸರಿಸುವುದು ಅಗತ್ಯ. ಮಾರ್ಟೈನ್ ವೀಲಿಂಗ್, ಜಾನ್ ನರ್ಬೋನ್ ಮತ್ತು ಹರಾಲ್ಡ್ ಬಾಯೆನ್ 2011ರಲ್ಲಿ 424 ಡಚ್ ಉಪಭಾಷೆಗಳ ಉಚ್ಚಾರಣೆ ಶಿಷ್ಟ ಡಚ್ಚಿನಿಂದ ಎಷ್ಟು ದೂರವಿದೆ ಎಂಬುದನ್ನು ಭೌಗೋಳಿಕ ಮತ್ತು ಸಾಮಾಜಿಕ ಅಂಶಗಳಿಂದ ವಿವರಿಸಿದರು. ಬಾಯೆನ್, ಶ್ರವಣ್ ವಸಿಷ್ಠ, ರೈನ್‌ಹೋಲ್ಡ್ ಕ್ಲೀಗ್ಲ್ ಮತ್ತು ಡಗ್ಲಸ್ ಬೇಟ್ಸ್ 2017ರ ಲೇಖನದಲ್ಲಿ, ಪ್ರಯೋಗಕ್ಕೆ ಕುಳಿತ ವ್ಯಕ್ತಿಯ ದಣಿವು, ಗಮನ, ಕಲಿಕೆ ಮುಂತಾದವುಗಳ ಏರಿಳಿತವೂ ದತ್ತಾಂಶದ ಭಾಗವೆಂದು ತೋರಿಸಿದರು. ವೀಲಿಂಗ್ ಅವರ 2018ರ ಬೋಧಪ್ರದ ಲೇಖನ, ಮಾರ್ಟೊನ್ ಶೋಶ್ಕುಟಿ ಅವರ 2017ರ ಪ್ರವೇಶಿಕೆ ಮತ್ತು 2021ರ ಮೌಲ್ಯಮಾಪನ ಇಂದು ಧ್ವನಿವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳ ಕೈಪಿಡಿಗಳಾಗಿವೆ. ಯಾದೃಚ್ಛಿಕ ಪರಿಣಾಮಗಳನ್ನು ಸರಿಯಾಗಿ ಸೇರಿಸದಿದ್ದರೆ ಇಲ್ಲದ ವ್ಯತ್ಯಾಸ ಇದ್ದಂತೆ ತೋರುವ ಅಪಾಯ ಎಷ್ಟು ದೊಡ್ಡದೆಂಬುದನ್ನು ಶೋಶ್ಕುಟಿ ಕೃತಕ ದತ್ತಾಂಶದ ಮೂಲಕ ಮನಗಾಣಿಸಿದ್ದಾರೆ. ಈ ಸಾಹಿತ್ಯಕ್ಕೆ ನಮ್ಮ ವಿದ್ವತ್ ಸಮುದಾಯ ಋಣಿಯಾಗಿರಬೇಕು.

ಹಾಗಿದ್ದೂ ಈ ಬೋಧನಾ ಸಾಹಿತ್ಯದ ಒತ್ತು ಮಾದರಿಯನ್ನು ಹೊಂದಿಸುವುದು ಹೇಗೆ, ಹೋಲಿಸುವುದು ಹೇಗೆ ಎಂಬ ಪ್ರಶ್ನೆಗಳ ಮೇಲಿದೆ. ನುಣುಪನ್ನು ಏಕೆ ನಿರೀಕ್ಷಿಸಬೇಕು ಎಂಬ ಪ್ರಶ್ನೆ ಹಿಂದೆ ಉಳಿದಿದೆ. ಅದು ಹಿಂದೆ ಉಳಿದಾಗ ಭಾಷೆಯ ಬಗೆಗಿನ ತೀರ್ಮಾನವೊಂದು ತಂತ್ರಾಂಶದ ಪೂರ್ವನಿಗದಿತ ಆಯ್ಕೆಗೆ ಬಿಟ್ಟುಹೋಗುತ್ತದೆ.

2. ನುಣುಪಿನ ತರ್ಕ

ಸ್ಪ್ಲೈನ್ ಎಂಬ ಪದ ನಕ್ಷೆ ಬರೆಯುವವರಿಂದ ಬಂದದ್ದು. ಹಡಗಿನ ಮೈಯ ಬಾಗನ್ನು ಗೀಚಲು ಅವರು ಆಯ್ದ ಬಿಂದುಗಳಲ್ಲಿ ಭಾರವಿಟ್ಟು, ತೆಳುವಾದ ಮರದ ಪಟ್ಟಿಯನ್ನು ಬಾಗಿಸುತ್ತಿದ್ದರು. ಪಟ್ಟಿ ಬಿಂದುಗಳಿಗೆ ವಿಧೇಯವಾಗಿದ್ದುಕೊಂಡೇ ಸಾಧ್ಯವಾದಷ್ಟು ಕಡಿಮೆ ಬಾಗುತ್ತದೆ. ಸಾಂಖ್ಯಿಕ ನುಣುಪುಗೊಳಿಕೆಯ ತಿರುಳೂ ಇದೇ. ಮಾದರಿಯ ಮುಂದೆ ಎರಡು ಬೇಡಿಕೆಗಳಿರುತ್ತವೆ: ವಕ್ರವು ದತ್ತಾಂಶಕ್ಕೆ ಹತ್ತಿರವಿರಬೇಕು, ಅಂಕುಡೊಂಕಾಗಿರಬಾರದು. ಮೊದಲನೆಯದನ್ನು ಉಳಿಕೆಗಳ ವರ್ಗಗಳ ಮೊತ್ತ ಅಳೆಯುತ್ತದೆ. ಎರಡನೆಯದನ್ನು ವಕ್ರದ ಬಾಗನ್ನು, ಅಂದರೆ ಇಳಿಜಾರು ಬದಲಾಗುವ ದರವನ್ನು, ವರ್ಗಗೊಳಿಸಿ ಅಕ್ಷದುದ್ದಕ್ಕೂ ಕೂಡಿದ ಮೊತ್ತ ಅಳೆಯುತ್ತದೆ. ಇದಕ್ಕೆ ದಂಡವೆಂದು ಹೆಸರು. ಎರಡರ ನಡುವಣ ತಕ್ಕಡಿಯನ್ನು ಹಿಡಿಯುವುದು ಲ್ಯಾಂಬ್ಡಾ ಎಂಬ ನುಣುಪಿನ ನಿಯತಾಂಕ. ಅದು ಸೊನ್ನೆಯಾದರೆ ದಂಡವೇ ಇಲ್ಲ. ವಕ್ರವು ಸದ್ದನ್ನೂ ಸುದ್ದಿಯನ್ನೂ ಒಟ್ಟಿಗೆ ಹಿಂಬಾಲಿಸುತ್ತದೆ. ಅದು ಅಪರಿಮಿತವಾದರೆ ವಕ್ರವು ಸರಳರೇಖೆಯಾಗುತ್ತದೆ.

ಲ್ಯಾಂಬ್ಡಾವನ್ನು ಕಣ್ಣಂದಾಜಿನಿಂದ ನಿಗದಿಪಡಿಸುವ ಕಾಲ ಹೋಗಿದೆ. ಪೀಟರ್ ಕ್ರೇವನ್ ಮತ್ತು ಗ್ರೇಸ್ ವಾಬಾ 1979ರಲ್ಲಿ ಮಂಡಿಸಿದ ಸಾಮಾನ್ಯೀಕೃತ ಅಡ್ಡ-ಪರಿಶೀಲನೆ ಒಂದು ದಾರಿ. ವುಡ್ 2011ರಲ್ಲಿ ಸ್ಥಿರವಾದ ಗಣನಾಕ್ರಮವನ್ನು ಒದಗಿಸಿದ ರೆಮ್ಲ್ ವಿಧಾನ ಮತ್ತೊಂದು. ಇಂದು ಹೆಚ್ಚು ಶಿಫಾರಸಾಗುವುದು ಇದೇ. ಎರಡರಲ್ಲೂ ದತ್ತಾಂಶವೇ ಲ್ಯಾಂಬ್ಡಾವನ್ನು ಆರಿಸುತ್ತದೆ. ‘ಮಾದರಿ ಏನನ್ನೂ ಊಹಿಸುವುದಿಲ್ಲ, ಆಕೃತಿಯನ್ನು ದತ್ತಾಂಶದಿಂದಲೇ ಕಂಡುಕೊಳ್ಳುತ್ತದೆ’ ಎಂಬ ಜನಪ್ರಿಯ ಸಮರ್ಥನೆಗೆ ಇದೇ ಮೂಲ.

ಈ ಸಮರ್ಥನೆ ಅರ್ಧ ಮಾತ್ರ ನಿಜ. ರೆಮ್ಲ್ ಆರಿಸುವುದು ದಂಡದ ಪ್ರಮಾಣವನ್ನು. ದಂಡದ ಸ್ವರೂಪ ಅದಕ್ಕೆ ಮೊದಲೇ ನಿಗದಿಯಾಗಿರುತ್ತದೆ. ಬಾಗನ್ನು ಯಾವ ಅಕ್ಷದ ಮೇಲೆ ಅಳೆಯಬೇಕು, ಇಳಿಜಾರನ್ನು ದಂಡಿಸಬೇಕೇ ಬಾಗನ್ನು ದಂಡಿಸಬೇಕೇ, ಅಕ್ಷದ ಎಲ್ಲ ಭಾಗಗಳಲ್ಲೂ ದಂಡ ಒಂದೇ ಆಗಿರಬೇಕೇ ಎಂಬ ಮೂರು ನಿರ್ಧಾರಗಳು ದತ್ತಾಂಶ ಕೈಗೆ ಬರುವ ಮೊದಲೇ ಆಗಿಹೋಗುತ್ತವೆ. ಬೇಸಿಯನ್ ಪರಿಭಾಷೆಯಲ್ಲಿ ದಂಡವೆಂದರೆ ವಕ್ರದ ಬಗೆಗಿನ ಪೂರ್ವನಂಬಿಕೆ. ನಂಬಿಕೆಯ ಗಟ್ಟಿತನವನ್ನು ದತ್ತಾಂಶ ಹೇಳಬಲ್ಲದು; ನಾವು ಏನನ್ನು ನಂಬಿದ್ದೇವೆ ಎಂಬುದನ್ನು ಹೇಳಲಾರದು.

ಈ ವಿಧಾನದ ಪೂರ್ವಜರಲ್ಲೊಬ್ಬರಾದ ಎಡ್ಮಂಡ್ ವಿಟ್ಟೇಕರ್ ಅವರನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಮರಣದರದ ಕೋಷ್ಟಕಗಳನ್ನು ನುಣುಪುಗೊಳಿಸುವ ವಿಧಾನವನ್ನು ಅವರು 1923ರಲ್ಲಿ ಪ್ರಕಟಿಸಿದರು. ಜೀವವಿಮೆಯ ಗಣಿತಜ್ಞರಿಗೆ ನುಣುಪನ್ನು ನಿರೀಕ್ಷಿಸಲು ದತ್ತಾಂಶದ ಹೊರಗಿನ ಕಾರಣವಿತ್ತು: ಐವತ್ತೆರಡು ವಯಸ್ಸಿನವರ ಮರಣದರ ಐವತ್ತಮೂರು ವಯಸ್ಸಿನವರದಕ್ಕಿಂತ ದಿಢೀರನೆ ಬೇರೆಯಾಗಲು ದೇಹಧರ್ಮದಲ್ಲಿ ಕಾರಣವಿಲ್ಲ. ಅಕ್ಷವೂ ವಿವಾದಾತೀತವಾಗಿತ್ತು; ವಯಸ್ಸಿಗೆ ವರ್ಷವೇ ಅಳತೆ. ದಂಡಕ್ಕೆ ಅವರು ಆರಿಸಿದ್ದು ಅಕ್ಕಪಕ್ಕದ ಮೌಲ್ಯಗಳ ಮೂರನೆಯ ಹಂತದ ಅಂತರಗಳನ್ನು. ಹಾಗಾಗಿ ಅವರ ಮಾದರಿಯಲ್ಲಿ ದಂಡವಿಲ್ಲದೆ ದಾಟುವ ಆಕೃತಿ ಸರಳರೇಖೆಗಿಂತ ಒಂದು ಹೆಜ್ಜೆ ಮುಂದಿನ ವರ್ಗವಕ್ರ. ಇಂದಿನ ಭಾಷಾವಿಜ್ಞಾನಿ ಇದೇ ಸಾಧನವನ್ನು ಕೈಗೆತ್ತಿಕೊಳ್ಳುವಾಗ ವಿಟ್ಟೇಕರ್‌ಗೆ ಇದ್ದಂಥ ಹೊರಗಿನ ಕಾರಣ ಏನೆಂಬುದನ್ನು ಹೇಳಬೇಕಾಗುತ್ತದೆ.

3. ಸ್ವರದ ಕಾಲ: ಗಡಿಯಾರದ್ದೋ ಸಾಪೇಕ್ಷವೋ

ಸ್ವರಗಳ ಉದ್ದ ಒಂದೇ ಇರುವುದಿಲ್ಲವಾದ್ದರಿಂದ ಪ್ರತಿಯೊಂದು ಸ್ವರದ ಆರಂಭವನ್ನು ಸೊನ್ನೆ, ಅಂತ್ಯವನ್ನು ಒಂದು ಎಂದು ಗುರುತಿಸಿ, ನಡುವೆ ಸಮಾನ ಅಂತರದಲ್ಲಿ ಫಾರ್ಮೆಂಟ್‌ಗಳನ್ನು ಅಳೆಯುವುದು ಸಾಮಾನ್ಯ ಪದ್ಧತಿ. ಇದನ್ನು ಸಾಪೇಕ್ಷ ಕಾಲವೆಂದು ಕರೆಯೋಣ. ಈ ಪದ್ಧತಿ ಅನುಕೂಲಕರ ನಿಜ. ಆದರೆ ಅದರೊಳಗೊಂದು ಪ್ರತಿಪಾದನೆ ಅಡಗಿದೆ: ಸ್ವರ ಉದ್ದವಾದಾಗ ಅದರೊಳಗಿನ ಎಲ್ಲ ಚಲನೆಗಳೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

ಹ್ರಸ್ವದೀರ್ಘಗಳ ಭೇದವಿರುವ ಕನ್ನಡದಂಥ ಭಾಷೆಯಲ್ಲಿ ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ‘ಕಡು’ ಮತ್ತು ‘ಕಾಡು’ ಎಂಬ ಪದಗಳನ್ನು ತೆಗೆದುಕೊಳ್ಳೋಣ. ಮೂರ್ಧನ್ಯ ವ್ಯಂಜನ ಹತ್ತಿರವಾದಂತೆ ಹಿಂದಿನ ಸ್ವರದ ಮೂರನೆಯ ಫಾರ್ಮೆಂಟ್ ಇಳಿಯುತ್ತದೆ. ನಾಲಗೆಯ ತುದಿ ಹಿಂದಕ್ಕೆ ಬಾಗುವುದರ ಗುರುತು ಅದು. ಹ್ರಸ್ವಸ್ವರ 80 ಮಿಲಿಸೆಕೆಂಡು, ದೀರ್ಘಸ್ವರ 160 ಮಿಲಿಸೆಕೆಂಡು ಇರಲಿ. ಎರಡರಲ್ಲೂ ಫಾರ್ಮೆಂಟ್ ಕೊನೆಯ 40 ಮಿಲಿಸೆಕೆಂಡುಗಳಲ್ಲಿ ಮಾತ್ರ, ಒಂದೇ ವೇಗದಲ್ಲಿ, ಒಟ್ಟು 400 ಹರ್ಟ್ಸ್ ಇಳಿಯಲಿ. ಅಂದರೆ ನಾಲಗೆ ಎರಡು ಪದಗಳಲ್ಲೂ ಅದೇ ಕೆಲಸವನ್ನು ಅದೇ ರೀತಿ ಮಾಡುತ್ತಿದೆ. ಸಾಪೇಕ್ಷ ಕಾಲದಲ್ಲಿ ಹ್ರಸ್ವಸ್ವರದ ಇಳಿತ 0.5ರಲ್ಲಿ ತೊಡಗುತ್ತದೆ, ದೀರ್ಘಸ್ವರದ್ದು 0.75ರಲ್ಲಿ. ಸಾಪೇಕ್ಷ ಕಾಲ 0.75 ಆಗಿರುವಲ್ಲಿ ಹ್ರಸ್ವಸ್ವರ ಆಗಲೇ 200 ಹರ್ಟ್ಸ್ ಇಳಿದಿದೆ, ದೀರ್ಘಸ್ವರ ಇಳಿಯಲು ಇನ್ನೂ ತೊಡಗಿಲ್ಲ. ಮಾದರಿ ಈ 200 ಹರ್ಟ್ಸ್ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ‘ಹ್ರಸ್ವಸ್ವರದಲ್ಲಿ ಮೂರ್ಧನ್ಯತೆಯ ಪ್ರಭಾವ ಬೇಗ ತೊಡಗುತ್ತದೆ’ ಎಂಬ ವಾಕ್ಯ ಪ್ರಬಂಧಕ್ಕೆ ಸೇರುತ್ತದೆ. ಸ್ವರದ ಅಂತ್ಯವನ್ನು ಸೊನ್ನೆಯಾಗಿಸಿಕೊಂಡು ಗಡಿಯಾರದ ಕಾಲದಲ್ಲಿ ಹಿಂದಕ್ಕೆ ಅಳೆದಿದ್ದರೆ ಎರಡು ವಕ್ರಗಳೂ ಆ ಭಾಗದಲ್ಲಿ ಒಂದರ ಮೇಲೊಂದು ಕೂರುತ್ತಿದ್ದವು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ದಂಡದಲ್ಲಿದೆ. ಬಾಗಿನ ವರ್ಗವನ್ನು ಕೂಡಿದ ದಂಡ ಅಕ್ಷದ ಏಕಮಾನವನ್ನು ಅವಲಂಬಿಸುತ್ತದೆ. ಗಡಿಯಾರದ ಕಾಲದಲ್ಲಿ ಅಳೆದ ದಂಡವನ್ನು ಸ್ವರದ ಅವಧಿಯ ಘನದಿಂದ ಗುಣಿಸಿದರೆ ಸಾಪೇಕ್ಷ ಕಾಲದ ದಂಡ ಸಿಗುತ್ತದೆ. ಆದ್ದರಿಂದ ಮಿಲಿಸೆಕೆಂಡುಗಳಲ್ಲಿ ಒಂದೇ ತೆರನಾದ ತಿರುವಿಗೆ, ಎರಡು ಪಟ್ಟು ಉದ್ದದ ಸ್ವರದಲ್ಲಿ ಎಂಟು ಪಟ್ಟು ದಂಡ ಬೀಳುತ್ತದೆ. ಹ್ರಸ್ವದೀರ್ಘಗಳಿಗೆ ಬೇರೆ ಬೇರೆ ಲ್ಯಾಂಬ್ಡಾ ಕೊಟ್ಟರೆ ಇದು ಸ್ವಲ್ಪಮಟ್ಟಿಗೆ ಸರಿಹೋಗುತ್ತದೆ. ಆದರೆ ಅವಧಿಯ ವ್ಯತ್ಯಾಸ ವರ್ಗಗಳ ನಡುವೆ ಮಾತ್ರ ಇರುವುದಿಲ್ಲ. ನಿಧಾನವಾಗಿ ಮಾತಾಡುವವರೂ ಬೇಗ ಮಾತಾಡುವವರೂ ಇದ್ದಾರೆ, ಅವರ ವೈಯಕ್ತಿಕ ವಕ್ರಗಳೆಲ್ಲ ಸಾಮಾನ್ಯವಾಗಿ ಒಂದೇ ಲ್ಯಾಂಬ್ಡಾವನ್ನು ಹಂಚಿಕೊಳ್ಳುತ್ತವೆ. ನಿಧಾನದ ಮಾತುಗಾರರ ತಿರುವುಗಳು ಹೆಚ್ಚು ಸವೆಯುತ್ತವೆ, ವೇಗದವರವು ಉಳಿಯುತ್ತವೆ. ಹಿರಿಯರು ಕಿರಿಯರಿಗಿಂತ ನಿಧಾನವಾಗಿ ಮಾತಾಡಿದ ದತ್ತಾಂಶದಲ್ಲಿ ಇದೇ ಸವೆತ ಪೀಳಿಗೆಗಳ ನಡುವಣ ಧ್ವನಿಬದಲಾವಣೆಯಂತೆ ಕಾಣಿಸಿಕೊಳ್ಳಬಹುದು.

ಈ ಪ್ರಶ್ನೆ ಎಷ್ಟು ಗಂಭೀರವೆಂಬುದಕ್ಕೆ ನೀಲಗಿರಿಯ ಬಡಗ ಭಾಷೆ ಸಾಕ್ಷಿ. ಕನ್ನಡಕ್ಕೆ ಅತಿ ಸಮೀಪದ ಈ ಭಾಷೆಯಲ್ಲಿ ಸ್ವರಗಳೇ ಮೂರ್ಧನ್ಯವಾಗುತ್ತವೆಂದೂ, ಸಾಮಾನ್ಯ, ಅರ್ಧ ಮೂರ್ಧನ್ಯ, ಪೂರ್ಣ ಮೂರ್ಧನ್ಯ ಎಂಬ ಮೂರು ಹಂತಗಳ ಭೇದವಿದೆಯೆಂದೂ ಮರ್ರಿ ಎಮನೋ 1939ರಲ್ಲಿ ವಿವರಿಸಿದರು. ಈಚಿನ ಮಾತುಗಾರರಲ್ಲಿ ಹಲವರಲ್ಲಿ ಈ ಭೇದ ಸವೆದಿದೆ. ಇಂಥ ಭಾಷೆಯಲ್ಲಿ ಮೂರ್ಧನ್ಯತೆ ಸ್ವರದ್ದೇ ಗುಣವೋ, ಪಕ್ಕದ ವ್ಯಂಜನದಿಂದ ಸ್ವರದ ಅಂಚಿಗೆ ಹರಿದ ಛಾಯೆಯೋ ಎಂಬುದು ಧ್ವನಿಮಾ ವ್ಯವಸ್ಥೆಯನ್ನೇ ನಿರ್ಧರಿಸುವ ಪ್ರಶ್ನೆ. ಉತ್ತರ ವಕ್ರದ ಆಕೃತಿಯಲ್ಲಿದೆ: ಮೂರನೆಯ ಫಾರ್ಮೆಂಟ್ ಆರಂಭದಿಂದಲೇ ತಗ್ಗಿರುತ್ತದೆಯೇ, ಕೊನೆಯಲ್ಲಿ ಮಾತ್ರ ಇಳಿಯುತ್ತದೆಯೇ? ಸಾಪೇಕ್ಷ ಕಾಲದಲ್ಲಿ ಹ್ರಸ್ವಸ್ವರವೊಂದರ ಬಹುಭಾಗವನ್ನು ವ್ಯಂಜನದ ಛಾಯೆ ಆವರಿಸಿಕೊಂಡರೆ, ಅದರ ಮೇಲೆ ನುಣುಪಿನ ದಂಡ ಆ ಇಳಿತವನ್ನು ಆರಂಭದತ್ತ ಇನ್ನಷ್ಟು ಹರಡಿದರೆ, ಛಾಯೆಯೇ ಗುಣದಂತೆ ತೋರುತ್ತದೆ. ಕೆಲವೇ ಮಾತುಗಾರರಿಂದ ಪಡೆದ ಮೊದಲ ವಕ್ರವೇ ಮುಂದೆ ಆ ಭಾಷೆಯ ಅಧಿಕೃತ ವರ್ಣನೆಯಾಗಿ ಉಲ್ಲೇಖಗೊಳ್ಳುವ ಸನ್ನಿವೇಶದಲ್ಲಿ ಈ ತಪ್ಪನ್ನು ತಿದ್ದುವ ಅವಕಾಶ ಮತ್ತೆ ಸಿಗದೆ ಹೋಗಬಹುದು.

ಸಾಪೇಕ್ಷ ಕಾಲ ಸದಾ ತಪ್ಪೆಂದು ಇದರ ಅರ್ಥವಲ್ಲ. ಸಂಧ್ಯಕ್ಷರಗಳ ಚಲನೆ ಅವಧಿಯೊಡನೆ ಹಿಗ್ಗುತ್ತದೆಂದು ನಂಬಲು ಕಾರಣವಿದ್ದಲ್ಲಿ ಅದೇ ಸರಿಯಾದ ಅಕ್ಷ. ಅವಧಿಯ ಭೇದವನ್ನೂ ಮೌಲ್ಯದ ಭೇದವನ್ನೂ ಬೇರ್ಪಡಿಸುವ ಅಗತ್ಯವನ್ನು ಜೇಮ್ಸ್ ರ‍್ಯಾಮ್ಸೇ ಮತ್ತು ಬರ್ನಾರ್ಡ್ ಸಿಲ್ವರ್‌ಮನ್ ವಕ್ರದತ್ತಾಂಶ ಕುರಿತ 1997ರ ಗ್ರಂಥದಲ್ಲಿಯೇ ಎತ್ತಿ ತೋರಿಸಿದ್ದರು. ಗ್ಯಾಮ್ ಚೌಕಟ್ಟಿನೊಳಗೂ ದಾರಿಯಿದೆ: ಗಡಿಯಾರದ ಕಾಲ ಮತ್ತು ಸ್ವರದ ಅವಧಿ ಎರಡನ್ನೂ ಸೇರಿಸಿದ ದ್ವಿಚರ ಮೇಲ್ಮೈಯನ್ನು ಹೊಂದಿಸಿದರೆ, ಚಲನೆ ಹಿಗ್ಗುತ್ತದೆಯೇ ಇಲ್ಲವೇ ಎಂಬುದೇ ಪರೀಕ್ಷಿಸಬಹುದಾದ ಪ್ರಶ್ನೆಯಾಗುತ್ತದೆ. ಅಕ್ಷದ ಆಯ್ಕೆಯನ್ನು ಪೂರ್ವಸಿದ್ಧತೆಯ ವಿಭಾಗದಲ್ಲಿ ಒಂದು ವಾಕ್ಯಕ್ಕೆ ಮುಗಿಸುವ ರೂಢಿ ಈ ಪ್ರಶ್ನೆಯನ್ನು ಕೇಳುವ ಮೊದಲೇ ಉತ್ತರಿಸಿಬಿಡುತ್ತದೆ.

4. ಅಳತೆಯೊಳಗಿನ ನುಣುಪು

ಒಂದೇ ಸ್ವರದ ಅಕ್ಕಪಕ್ಕದ ಬಿಂದುಗಳ ಉಳಿಕೆಗಳು ಪರಸ್ಪರ ಸ್ವತಂತ್ರವಲ್ಲ ಎಂಬುದನ್ನು ಎಲ್ಲ ಬೋಧನಾ ಲೇಖನಗಳೂ ಎಚ್ಚರಿಸುತ್ತವೆ. ಪರಿಹಾರವಾಗಿ ಸ್ವಸಹಸಂಬಂಧದ ಪ್ರಮಾಣವನ್ನು, ಅಂದರೆ ರೋ ಮೌಲ್ಯವನ್ನು, ಮೊದಲ ಮಾದರಿಯೊಂದರ ಉಳಿಕೆಗಳಿಂದ ಅಂದಾಜಿಸಿ ಎರಡನೆಯ ಮಾದರಿಗೆ ಕೊಡುವುದು ರೂಢಿ. ಈ ಸಹಸಂಬಂಧ ಎಲ್ಲಿಂದ ಬರುತ್ತದೆ ಎಂಬುದರ ಚರ್ಚೆ ಮಾತ್ರ ವಿರಳ.

ಅದರ ಒಂದು ಪಾಲು ನಾಲಗೆಯ ಜಡತ್ವದಿಂದ ಬಂದರೆ ಮತ್ತೊಂದು ಪಾಲು ಅಳೆಯುವ ಸಾಧನದಿಂದ ಬರುತ್ತದೆ. ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಅವರ ಪ್ರಾಟ್ ತಂತ್ರಾಂಶದಲ್ಲಿ ಫಾರ್ಮೆಂಟ್ ವಿಶ್ಲೇಷಣೆಯ ಕಿಟಕಿಯ ಪೂರ್ವನಿಗದಿತ ಉದ್ದ 25 ಮಿಲಿಸೆಕೆಂಡು; ಗಾಸಿಯನ್ ಮಾದರಿಯ ಕಿಟಕಿಯಾದ್ದರಿಂದ ಅದು ವಾಸ್ತವದಲ್ಲಿ 50 ಮಿಲಿಸೆಕೆಂಡುಗಳ ಧ್ವನಿಯನ್ನು ನೋಡುತ್ತದೆ, ಅಂಚುಗಳಿಗೆ ಕಡಿಮೆ ತೂಕವಿದ್ದರೂ. ಪ್ರತಿ ಸ್ವರದಿಂದ ಎರಡೂ ತುದಿಗಳು ಸೇರಿ 11 ಬಿಂದುಗಳನ್ನು ತೆಗೆದರೆ, ಹಿಂದಿನ ಉದಾಹರಣೆಯ ಹ್ರಸ್ವಸ್ವರದಲ್ಲಿ ಬಿಂದುಗಳ ಅಂತರ 8 ಮಿಲಿಸೆಕೆಂಡು, ದೀರ್ಘಸ್ವರದಲ್ಲಿ 16. ಅಕ್ಕಪಕ್ಕದ ಎರಡು ಕಿಟಕಿಗಳು ಹ್ರಸ್ವಸ್ವರದಲ್ಲಿ ಶೇಕಡಾ 84ರಷ್ಟು ಧ್ವನಿಯನ್ನು ಹಂಚಿಕೊಳ್ಳುತ್ತವೆ. ದೀರ್ಘಸ್ವರದಲ್ಲಿ ಶೇಕಡಾ 68ರಷ್ಟನ್ನು. ಅಂದರೆ ಸಂಶೋಧಕರು ಹೋಲಿಸಹೊರಟ ಭೇದದ ಎರಡು ಬದಿಗಳಲ್ಲಿ ಸ್ವಸಹಸಂಬಂಧ ವ್ಯವಸ್ಥಿತವಾಗಿ ಬೇರೆ ಬೇರೆಯಾಗಿದೆ. ರೂಢಿಯ ಮಾದರಿಯಾದರೋ ಇಡೀ ದತ್ತಾಂಶಕ್ಕೆ ಒಂದೇ ರೋ ಮೌಲ್ಯವನ್ನು ಹಾಕುತ್ತದೆ. ಹ್ರಸ್ವಸ್ವರಗಳ ಬಗ್ಗೆ ಅದಕ್ಕೆ ಅತಿಯಾದ ಆತ್ಮವಿಶ್ವಾಸ. ದೀರ್ಘಸ್ವರಗಳ ಬಗ್ಗೆ ಅನಗತ್ಯ ಸಂಕೋಚ.

ಸಹಸಂಬಂಧ ಉಳಿದುಹೋದರೆ ನುಣುಪಿನ ಆಯ್ಕೆಯೂ ಕೆಡುತ್ತದೆ. ಅಡ್ಡ-ಪರಿಶೀಲನೆಯಂಥ ವಿಧಾನಗಳು ಸಹಸಂಬಂಧಿತ ಸದ್ದನ್ನು ನಿಜವಾದ ಆಕೃತಿಯೆಂದು ತಿಳಿದು ವಕ್ರವನ್ನು ಅಂಕುಡೊಂಕಾಗಿಸುತ್ತವೆ ಎಂಬುದು ಸಂಖ್ಯಾಶಾಸ್ತ್ರದಲ್ಲಿ ಬಹುಕಾಲದಿಂದ ತಿಳಿದಿರುವ ಸಂಗತಿ. ರೆಮ್ಲ್ ಈ ವಿಷಯದಲ್ಲಿ ಹೆಚ್ಚು ಗಟ್ಟಿಯೆಂದು ಟಟಿಯಾನಾ ಕ್ರಿವೊಬೊಕೊವಾ ಮತ್ತು ಗೋರನ್ ಕೌವರ್‌ಮನ್ 2007ರಲ್ಲಿ ತೋರಿಸಿದ್ದಾರೆ. ಗಟ್ಟಿಯೆಂದ ಮಾತ್ರಕ್ಕೆ ಅಭೇದ್ಯವಲ್ಲ.

ಇನ್ನೊಂದು ಸಂಗತಿ. ಸ್ವರದ ಕೊನೆಯ ಬಿಂದುವಿನಲ್ಲಿ ಇಟ್ಟ ಕಿಟಕಿಯ ಅರ್ಧಭಾಗ ವ್ಯಂಜನದೊಳಗೆ ಚಾಚಿಕೊಂಡಿರುತ್ತದೆ. ಮಾದರಿ ಕೈಹಾಕುವ ಮೊದಲೇ ಸಾಧನವು ಗಡಿಯನ್ನು ನುಣುಪುಗೊಳಿಸಿದೆ. ಆ ಬಳಿಕ ಮಾದರಿ ಎರಡನೆಯ ಬಾರಿ ನುಣುಪುಗೊಳಿಸಿ, ಸ್ವರದಿಂದ ವ್ಯಂಜನಕ್ಕೆ ಸಂಕ್ರಮಣ ಸಾವಕಾಶವಾಗಿದೆ ಎಂದು ಹೇಳಿದರೆ ಅದರಲ್ಲಿ ಭಾಷೆಯ ಪಾಲೆಷ್ಟು?

5. ನೆಲದ ಮೇಲಿನ ನುಣುಪು

ಉಪಭಾಷಾ ಭೂಗೋಳದಲ್ಲಿ ನುಣುಪು ಎರಡು ಆಯಾಮಗಳಲ್ಲಿ ಕೆಲಸ ಮಾಡುತ್ತದೆ. ವೀಲಿಂಗ್ ಮತ್ತು ಸಂಗಡಿಗರ ಡಚ್ ಅಧ್ಯಯನದಲ್ಲಿ ಭೌಗೋಳಿಕ ಸ್ಥಾನವೇ ಪ್ರಧಾನ ಅಂಶವಾಗಿ ಹೊರಹೊಮ್ಮಿತು. ಚಿಕ್ಕ ಊರುಗಳೂ ನಿವಾಸಿಗಳ ಸರಾಸರಿ ವಯಸ್ಸು ಹೆಚ್ಚಿರುವ ಊರುಗಳೂ ಶಿಷ್ಟರೂಪದಿಂದ ಹೆಚ್ಚು ದೂರವಿದ್ದವು. ಭೂಗೋಳವನ್ನೂ ಸಮಾಜವನ್ನೂ ಒಂದೇ ಮಾದರಿಯಲ್ಲಿ ತೂಗಿದ ಈ ಕೆಲಸದ ಮಹತ್ವವನ್ನು ಕಡೆಗಣಿಸಲಾಗದು. ಆದರೆ ನುಣುಪಾದ ಮೇಲ್ಮೈಗೆ ಗಡಿಯೆಂಬ ಕಲ್ಪನೆಯಿಲ್ಲ. ಫ್ರೀಸಿಯನ್ ಪ್ರತ್ಯೇಕ ಭಾಷೆಯೆಂದು ಮನ್ನಣೆ ಪಡೆದದ್ದು. ಈಶಾನ್ಯದ ಕೆಳ ಸ್ಯಾಕ್ಸನ್ ಮಾತುಗಳು ನೆರೆಯ ಮಾತುಗಳೊಡನೆ ನಿರಂತರವಾಗಿ ಬೆರೆತಿರುವಂಥವು. ನಕ್ಷೆಯ ಮೇಲೆ ಎರಡೂ ಸಮಮೌಲ್ಯ ರೇಖೆಗಳ ಸಾಂದ್ರತೆಯಾಗಿಯೇ ಕಾಣುತ್ತವೆ. ಭಾಷಾಗಡಿಯ ನೆಗೆತಕ್ಕೂ ಉಪಭಾಷೆಯ ಇಳಿಜಾರಿಗೂ ಇರುವ ಗುಣಾತ್ಮಕ ಭೇದವನ್ನು ಈ ಮೇಲ್ಮೈ ಪ್ರಮಾಣದ ಭೇದವಾಗಿ ಪರಿವರ್ತಿಸುತ್ತದೆ. ಉಪಭಾಷೆಗಳ ನಡುವೆ ಗಡಿಗಳಿವೆಯೇ, ನಿರಂತರತೆ ಮಾತ್ರವೇ ಎಂಬುದು ಈ ಶಾಸ್ತ್ರದ ಅತಿ ಹಳೆಯ ವಾದ. ಗಡಿಯನ್ನು ಕಾಣಲಾರದ ಸಾಧನವನ್ನು ಆ ವಾದದಲ್ಲಿ ಸಾಕ್ಷಿಯಾಗಿ ಕರೆಯುವಂತಿಲ್ಲ.

ದೂರದ ಅಳತೆಯಲ್ಲೂ ಎಚ್ಚರ ಬೇಕು. ತೆಳುಫಲಕ ಸ್ಪ್ಲೈನ್ ಎಲ್ಲ ದಿಕ್ಕುಗಳನ್ನೂ ಸಮಾನವಾಗಿ ಕಾಣುತ್ತದೆ. ಅಕ್ಷಾಂಶ ರೇಖಾಂಶಗಳನ್ನು ಡಿಗ್ರಿಗಳಲ್ಲಿಯೇ ಕೊಟ್ಟರೆ, 52 ಡಿಗ್ರಿ ಅಕ್ಷಾಂಶದ ನೆದರ್‌ಲ್ಯಾಂಡ್ಸ್‌ನಲ್ಲಿ ರೇಖಾಂಶದ ಒಂದು ಡಿಗ್ರಿ ಅಕ್ಷಾಂಶದ ಒಂದು ಡಿಗ್ರಿಯ ಸುಮಾರು ಶೇಕಡಾ 62ರಷ್ಟೇ ದೂರ. ಕರ್ನಾಟಕದ ನಡುವೆ ಹಾಯುವ 15 ಡಿಗ್ರಿ ಅಕ್ಷಾಂಶದಲ್ಲಿ ಅದು ಶೇಕಡಾ 97. ಇಲ್ಲಿ ದೋಷ ನಗಣ್ಯ. ನಮ್ಮ ನೆಲದ ಸಮಸ್ಯೆ ಬೇರೆ. ಕರಾವಳಿಗೂ ಮಲೆನಾಡಿಗೂ ನಡುವೆ ಪಶ್ಚಿಮ ಘಟ್ಟಗಳಿವೆ. ಹಕ್ಕಿ ಹಾರುವ ದೂರ ಕಡಿಮೆಯಿದ್ದರೂ ಘಟ್ಟದ ಕೆಳಗಿನ ಕುಂದಾಪುರದ ಮಾತು ಘಟ್ಟದ ಮೇಲಿನ ಮಾತಿಗಿಂತ ಬಹಳ ಭಿನ್ನ. ಗಡಿಯಾಚೆಗೆ ನುಣುಪು ಸೋರದಂತೆ ತಡೆಯುವ ‘ಸೋಪಿನ ಪೊರೆ’ ವಿಧಾನವನ್ನು ವುಡ್, ಮಾರ್ಕ್ ಬ್ರೇವಿಂಗ್ಟನ್ ಮತ್ತು ಶರನ್ ಹೆಡ್ಲೀ 2008ರಲ್ಲಿಯೇ ಕೊಟ್ಟಿದ್ದಾರೆ. ಆದರೆ ಘಟ್ಟವನ್ನೇ ಗಡಿಯಾಗಿಸಿದರೆ ಹವ್ಯಕ ಕನ್ನಡಕ್ಕೆ ಅನ್ಯಾಯವಾಗುತ್ತದೆ. ಅದು ಘಟ್ಟದ ಮೇಲೂ ಕೆಳಗೂ ಹಬ್ಬಿದ ಮಾತು. ಅಡ್ಡಗೋಡೆ ಯಾರಿಗೆ ಅಡ್ಡ ಎಂಬುದು ಭೂಪಟದಿಂದ ತಿಳಿಯುವಂಥದ್ದಲ್ಲ.

ಅದಕ್ಕೂ ಮಿಗಿಲಾಗಿ, ನಮ್ಮಲ್ಲಿ ಒಂದು ಊರಿಗೆ ಒಂದು ಮೌಲ್ಯ ಎಂಬ ನಂಬಿಕೆಯೇ ನಿಲ್ಲದು. ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಕುರಿತು ವಿಲಿಯಂ ಮೆಕ್ಕಾರ್ಮ್ಯಾಕ್, ಕನ್ನಡದ ಜಾತಿ ಉಪಭಾಷೆಗಳನ್ನು ಕುರಿತು ವಿಲಿಯಂ ಬ್ರೈಟ್ 1960ರಷ್ಟು ಹಿಂದೆಯೇ ಬರೆದಿದ್ದಾರೆ. ಒಂದೇ ಊರಿನ ಎರಡು ಕೇರಿಗಳ ನಡುವಣ ಅಂತರ ನೂರು ಕಿಲೋಮೀಟರಿನಾಚೆಯ ಸ್ವಜಾತಿಯವರೊಡನೆ ಇರುವ ಅಂತರಕ್ಕಿಂತ ದೊಡ್ಡದಾಗಿರಬಹುದು. ಇಂಥಲ್ಲಿ ಅಕ್ಷಾಂಶ ರೇಖಾಂಶಗಳ ಮೇಲೆ ಹೊದಿಸಿದ ನುಣುಪಾದ ಮೇಲ್ಮೈ ಎರಡು ಕೇರಿಗಳ ಸರಾಸರಿಯನ್ನು ಕೊಡುತ್ತದೆ. ಆ ಸರಾಸರಿಯನ್ನು ಆ ಊರಿನಲ್ಲಿ ಯಾರೂ ಆಡುವುದಿಲ್ಲ. ಸಮುದಾಯಕ್ಕೊಂದು ಮೇಲ್ಮೈ ಹೊಂದಿಸುವುದು ತಾಂತ್ರಿಕವಾಗಿ ಸಾಧ್ಯ. ಆದರೆ ಅದನ್ನು ಹೊಂದಿಸಬೇಕೆಂದು ಯಾವ ರೆಮ್ಲ್ ವಿಧಾನವೂ ತಾನಾಗಿ ಸೂಚಿಸದು. ಊರನ್ನು ಬಲ್ಲವರು ಸೂಚಿಸಬೇಕು.

6. ‘ವ್ಯತ್ಯಾಸ ಇಲ್ಲಿ ತೊಡಗುತ್ತದೆ’

ಗ್ಯಾಮ್ ಬಳಸಿದ ಪ್ರಬಂಧಗಳಲ್ಲಿ ಪದೇಪದೇ ಎದುರಾಗುವ ವಾಕ್ಯರೂಪವೊಂದಿದೆ: ಎರಡು ವರ್ಗಗಳ ವ್ಯತ್ಯಾಸ ಸ್ವರದ ಶೇಕಡಾ ಇಂತಿಷ್ಟರಿಂದ ತೊಡಗುತ್ತದೆ. ವ್ಯತ್ಯಾಸದ ವಕ್ರವನ್ನು ಬಿಡಿಸಿ, ಅದರ ಶೇಕಡಾ 95ರ ವಿಶ್ವಾಸಪಟ್ಟಿ ಸೊನ್ನೆಯನ್ನು ಬಿಟ್ಟು ಮೇಲೇಳುವ ಜಾಗವನ್ನು ಗುರುತಿಸುವುದರಿಂದ ಈ ಸಂಖ್ಯೆ ಬರುತ್ತದೆ. ತಂತ್ರಾಂಶವು ಆ ಭಾಗವನ್ನು ಕೆಂಪು ಗೆರೆಯಿಂದ ತೋರಿಸಿಯೂ ಕೊಡುತ್ತದೆ.

ಇದರಲ್ಲಿ ಮೂರು ದೋಷಗಳಿವೆ. ಮೊದಲನೆಯದಾಗಿ, ಈ ಪಟ್ಟಿಗಳ ಶೇಕಡಾ 95ರ ಭರವಸೆ ಇಡೀ ವಕ್ರದ ಮೇಲಿನ ಸರಾಸರಿಗೆ ಸಂಬಂಧಿಸಿದ್ದು. ಡಗ್ಲಸ್ ನೈಚ್ಕಾ 1988ರಲ್ಲಿ, ಜಾಂಪಿಯೆರೊ ಮಾರ್ರಾ ಮತ್ತು ವುಡ್ 2012ರಲ್ಲಿ ಇದನ್ನು ವಿಶದಪಡಿಸಿದ್ದಾರೆ. ವಕ್ರ ತೀಕ್ಷ್ಣವಾಗಿ ಬಾಗುವ ಜಾಗದಲ್ಲಿ, ಅಂದರೆ ಸರಿಯಾಗಿ ವ್ಯತ್ಯಾಸ ತೊಡಗುವಲ್ಲಿಯೇ, ಭರವಸೆ ದುರ್ಬಲವಾಗಿರಬಹುದು. ಎರಡನೆಯದಾಗಿ, ಮಾತುಗಾರರ ಸಂಖ್ಯೆ ಹೆಚ್ಚಿದಂತೆ ಪಟ್ಟಿ ಕಿರಿದಾಗಿ ಅದು ಸೊನ್ನೆಯನ್ನು ಬಿಡುವ ಜಾಗ ಹಿಂದಕ್ಕೆ ಸರಿಯುತ್ತದೆ. ಇಪ್ಪತ್ತು ಮಂದಿಯ ಅಧ್ಯಯನದಲ್ಲಿ ತಡವಾಗಿ ತೊಡಗಿದ ವ್ಯತ್ಯಾಸ ಇನ್ನೂರು ಮಂದಿಯ ಅಧ್ಯಯನದಲ್ಲಿ ಬೇಗ ತೊಡಗುತ್ತದೆ, ಭಾಷೆಯಾದರೋ ಬದಲಾಗಿಲ್ಲ. ಮೂರನೆಯದಾಗಿ, ಹಠಾತ್ತಾದ ಬದಲಾವಣೆಯನ್ನು ನುಣುಪಿನ ದಂಡ ಎರಡೂ ಬದಿಗೆ ಹರಡುವುದರಿಂದ ಆರಂಭಬಿಂದು ವಾಸ್ತವಕ್ಕಿಂತ ಮೊದಲೇ ಕಾಣಿಸಿಕೊಳ್ಳಬಹುದು. ಸಹೋಚ್ಚಾರಣೆಯ ಯೋಜನೆ ಎಷ್ಟು ಮುಂಚಿತವಾಗಿ ನಡೆಯುತ್ತದೆ ಎಂಬಂಥ ಸೈದ್ಧಾಂತಿಕ ಪ್ರಶ್ನೆಗಳಿಗೆ ಇಂಥ ಸಂಖ್ಯೆಗಳನ್ನು ಉತ್ತರವಾಗಿ ಕೊಡುವುದು ಸಾಧುವಲ್ಲ. ಆರಂಭಬಿಂದುವೇ ಪ್ರಶ್ನೆಯಾದರೆ, ಶ್ರವಣಕ್ಕೆ ಅರ್ಥಪೂರ್ಣವಾದ ಮೌಲ್ಯವೊಂದನ್ನು ಮೊದಲೇ ಘೋಷಿಸಿ, ವ್ಯತ್ಯಾಸ ಆ ಮೌಲ್ಯವನ್ನು ದಾಟುವ ಕ್ಷಣವನ್ನು ಮಾದರಿಯಿಂದ ಸಾವಿರಾರು ವಕ್ರಗಳನ್ನು ಅನುಕರಿಸಿ ಅಂದಾಜಿಸಬಹುದು. ಆಗ ಆ ಕ್ಷಣಕ್ಕೂ ಒಂದು ಅನಿಶ್ಚಿತತೆಯ ಅಳತೆ ದೊರೆಯುತ್ತದೆ.

7. ಆಕ್ಷೇಪಗಳು ಮತ್ತು ಸಲಹೆಗಳು

ಈ ವಿಮರ್ಶೆಗೆ ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಸರಳರೇಖೆಯನ್ನೋ ನಡುಬಿಂದುವನ್ನೋ ಅವಲಂಬಿಸಿದ ಹಿಂದಿನ ವಿಧಾನಗಳು ಇದಕ್ಕಿಂತ ದೊಡ್ಡ ಊಹೆಗಳನ್ನು ಹೊತ್ತಿದ್ದವು ಎಂಬುದು ಮೊದಲನೆಯದು. ಇದನ್ನು ಒಪ್ಪಲೇಬೇಕು, ಗ್ಯಾಮ್ ಬಿಟ್ಟು ಹಿಂದಿರುಗಬೇಕೆಂಬುದು ಇಲ್ಲಿನ ಸಲಹೆಯಲ್ಲ. ಆದರೆ ಸರಳರೇಖೆ ಹಾಕಿದವರಿಗೆ ತಾವು ಏನನ್ನು ಊಹಿಸಿದ್ದೇವೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ನಮ್ಯ ಮಾದರಿಯಲ್ಲಿ ಊಹೆ ಕಾಣದಂತೆ ಕೆಲಸ ಮಾಡುತ್ತದೆ. ಎರಡನೆಯದು, ದಂಡವನ್ನು ಅಕ್ಷದುದ್ದಕ್ಕೂ ಬದಲಾಗಲು ಬಿಡುವ ಹೊಂದಿಕೆಯ ಸ್ಪ್ಲೈನ್‌ಗಳು ಈಗಾಗಲೇ ತಂತ್ರಾಂಶದಲ್ಲಿವೆ ಎಂಬುದು. ನಿಜ. ಆದರೆ ಅವು ಹೆಚ್ಚು ದತ್ತಾಂಶವನ್ನು ಬೇಡುತ್ತವೆ. ಅಕ್ಷ ಯಾವುದಿರಬೇಕೆಂಬ ಪ್ರಶ್ನೆಯನ್ನು ಅವೂ ಬಿಡಿಸುವುದಿಲ್ಲ.

ಸಂಶೋಧನಾ ವಿದ್ಯಾರ್ಥಿಗಳೂ ಪರಿಶೀಲಕರೂ ನಾಲ್ಕು ಸಂಗತಿಗಳನ್ನು ಪ್ರಬಂಧದಲ್ಲಿ ನಿರೀಕ್ಷಿಸುವುದು ಉಚಿತ. ಒಂದು, ಕಾಲದ ಅಕ್ಷವನ್ನೂ ಅದರ ಸೊನ್ನೆಬಿಂದುವನ್ನೂ ಏಕೆ ಆರಿಸಲಾಯಿತೆಂಬ ಧ್ವನಿವೈಜ್ಞಾನಿಕ ಕಾರಣ. ಕಾರಣ ಖಚಿತವಿಲ್ಲದಿದ್ದರೆ ಎರಡೂ ಅಕ್ಷಗಳ ಫಲಿತಾಂಶ. ಎರಡು, ಎಲ್ಲಿ ನೆಗೆತವನ್ನು ನಿರೀಕ್ಷಿಸಲಾಗಿದೆ ಎಂಬ ಹೇಳಿಕೆ. ವ್ಯಂಜನದ ತಡೆಯಾಗಲಿ ಭಾಷಾಗಡಿಯಾಗಲಿ, ಅಂಥಲ್ಲಿ ವಕ್ರವನ್ನು ಒಡೆಯುವುದೇ ಸರಿ. ಮೂರು, ವೈಯಕ್ತಿಕ ವಕ್ರಗಳಲ್ಲಿ ದಂಡ ಇಳಿಜಾರಿನ ಮೇಲೋ ಬಾಗಿನ ಮೇಲೋ ಎಂಬ ವಿವರ. ದತ್ತಾಂಶ ಕಡಿಮೆಯಿರುವ ಮಾತುಗಾರನನ್ನು ಮೊದಲನೆಯದು ಗುಂಪಿನ ಆಕೃತಿಯತ್ತಲೇ ಎಳೆಯುತ್ತದೆ. ಎರಡನೆಯದು ಅವನಿಗೆ ತನ್ನದೇ ಒಂದು ಇಳಿಜಾರನ್ನು ಉಳಿಸಿಕೊಳ್ಳಲು ಹೆಚ್ಚು ಅವಕಾಶ ಕೊಡುತ್ತದೆ. ವ್ಯಕ್ತಿಭೇದ ಹೇಗಿರುತ್ತದೆಂಬ ಊಹೆ ಇದರಲ್ಲಿದೆ. ನಾಲ್ಕು, ಅಳೆಯುವ ಸಾಧನದ ಕಿಟಕಿಯ ಉದ್ದ ಮತ್ತು ಬಿಂದುಗಳ ನಡುವಣ ಅಂತರ, ಮಿಲಿಸೆಕೆಂಡುಗಳಲ್ಲಿ.

8. ಉಪಸಂಹಾರ

ನುಣುಪುಗೊಳಿಸುವ ಮಾದರಿಗಳು ಭಾಷೆಯ ಚಲನೆಯನ್ನು ಕಾಣುವ ಶಕ್ತಿಯನ್ನು ನಮಗೆ ಕೊಟ್ಟಿವೆ. ಆದರೆ ಭಾಷೆಯಲ್ಲಿ ಹರಿವೂ ಇದೆ, ಮೆಟ್ಟಿಲೂ ಇದೆ. ಧ್ವನಿಯ ಮಟ್ಟದಲ್ಲಿ ನಾಲಗೆ ಹರಿಯುತ್ತದೆ. ವ್ಯವಸ್ಥೆಯ ಮಟ್ಟದಲ್ಲಿ ‘ಕಡು’ ಮತ್ತು ‘ಕಾಡು’ ಎರಡೇ ಪದಗಳು, ಅವುಗಳ ನಡುವೆ ಮೂರನೆಯದಿಲ್ಲ. ಎಲ್ಲಿ ಹರಿವು, ಎಲ್ಲಿ ಮೆಟ್ಟಿಲು ಎಂಬುದನ್ನು ಕಂಡುಹಿಡಿಯುವುದೇ ನಮ್ಮ ಶಾಸ್ತ್ರದ ಕೆಲಸವಾಗಿರುವಾಗ, ಎಲ್ಲವನ್ನೂ ಹರಿವೆಂದು ಮೊದಲೇ ಒಪ್ಪಿಕೊಂಡ ಸಾಧನದ ಉತ್ತರವನ್ನು ಆ ಒಪ್ಪಿಗೆಯೊಡನೆಯೇ ಓದಬೇಕು. ವಿಟ್ಟೇಕರ್ ತಮ್ಮ ಕೋಷ್ಟಕಗಳನ್ನು ನುಣುಪುಗೊಳಿಸುವಾಗ ಮರಣದ ಬಗ್ಗೆ ಏನನ್ನು ನಂಬಿದ್ದಾರೆಂಬುದು ಓದುಗರಿಗೆ ತಿಳಿದಿತ್ತು. ಸ್ವರದ ವಕ್ರವೊಂದನ್ನು ಪ್ರಕಟಿಸುವವರೂ ಸ್ವರದ ಬಗ್ಗೆ ತಾವು ನಂಬಿದ್ದೇನೆಂಬುದನ್ನು ಅದರ ಪಕ್ಕದಲ್ಲಿಯೇ ಬರೆಯಬೇಕು.